ಇಂಟರ್ನೆಟ್ ಇಲ್ಲದ ನೆಟ್‌ವರ್ಕಿನ ಫೈರ್‌ವಾಲ್: ಅಪ್‌ಡೇಟನ್ನು ಕೈಯಲ್ಲಿ ಒಯ್ದು ಹಾಕುವುದು ಹೇಗೆ?

ಬದಿಯಡ್ಕ ಬೈಟ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ಒಂದು ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಲ್ಯಾಬಿನ ಅನಲೈಸರ್‌ಗಳು, ಸಿಟಿ ಸ್ಕ್ಯಾನ್, ಎಕ್ಸ್‌ರೇ, ಚಿತ್ರ ಇಡುವ ಸರ್ವರ್ ಎಲ್ಲ ಒಂದು ಕಡೆ. ವಾರ್ಡಿನ ಕಂಪ್ಯೂಟರ್‌ಗಳು ಇನ್ನೊಂದು ಕಡೆ. ನಡುವೆ ಎರಡು ಫೈರ್‌ವಾಲ್ (ಹೋಗಿ ಬರುವ ಟ್ರಾಫಿಕ್ಕನ್ನು ನೋಡಿ ಬಿಡುವ ಬಾಕ್ಸ್), ಜೋಡಿಯಾಗಿ ಉಂಟು. ಈ ಎರಡು ಕಡೆಗೂ ಇಂಟರ್ನೆಟ್ ಇಲ್ಲ. ಆಫೀಸಿನ ಇಂಟರ್ನೆಟ್ ಬೇರೆಯೇ ಲೈನು, ಬೇರೆಯೇ ಸ್ವಿಚ್ಚು.

ಹಾಕಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ. ಫರ್ಮ್‌ವೇರ್ (ಬಾಕ್ಸಿನದೇ ಸಾಫ್ಟ್‌ವೇರ್) ಎರಡು ದೊಡ್ಡ ಆವೃತ್ತಿಯಷ್ಟು ಹಿಂದೆ ಉಳಿದಿದೆ. ವೈರಸ್ ಗುರುತಿಸುವ ಸಿಗ್ನೇಚರ್, ದಾಳಿ ತಡೆಯುವ ಐಪಿಎಸ್‌ನ ಸಿಗ್ನೇಚರ್ ಎರಡೂ ಬಾಕ್ಸ್ ಬಂದ ಕಾಲದವು. ಮೊನ್ನೆ ಆಡಿಟ್‌ಗೆ ಬಂದವರು ಅದನ್ನೇ ಬರೆದಿಟ್ಟು ಹೋದರು. ಮೇಲಿನವರು ಕರೆದು ಕೇಳಿದ್ದು ಒಂದೇ ಮಾತು: "ಇಂಟರ್ನೆಟ್ಟೇ ಇಲ್ಲದಲ್ಲಿಗೆ ವೈರಸ್ ಎಲ್ಲಿಂದ ಬರ್ತದೆ ಮಾರಾಯ್ರೆ?"

ಇದನ್ನು ನಿಜಕ್ಕೂ ಮಾಡಬೇಕಾ? ಮಾಡುವುದಾದರೆ ಫೈಲನ್ನು ಒಳಗೆ ಒಯ್ಯುವ ಸರಿಯಾದ ದಾರಿ ಯಾವುದು? ಯಾವುದು ಮೊದಲು, ಯಾವುದು ನಂತರ? ಬಾಕ್ಸಿನ ಕಂಪನಿ ಹೆಸರು ಹೇಳುವುದಿಲ್ಲ. ಎಲ್ಲರಿಗೂ ಹೊಂದುವ ಉತ್ತರ ಕೊಟ್ಟರೆ ಉಪಕಾರ.

ತಾಳವಾಡಿ ಟವರ್

ಓಡ್ತಿರೋ ಗಾಡಿಯ ಬಾನೆಟ್ ಯಾಕೆ ಎತ್ತುತ್ತೀರಿ? ಸುಮ್ನೆ ಬಿಡಿ. ಆಡಿಟ್‌ನವರಿಗೆ "ಪ್ರತ್ಯೇಕ ನೆಟ್‌ವರ್ಕ್" ಅಂತ ಒಂದು ಸಾಲು ಬರೆದು ಕೊಡಿ. ಮುಂದಿನ ವರ್ಷದವರೆಗೆ ಚಿಂತೆ ಇಲ್ಲ.

ಹೊಸೂರು ಶಿಫ್ಟ್ ಬಿ

ಟವರ್ ಅಣ್ಣ, ಆ ಸಾಲನ್ನು ನಾನೂ ತುಂಬಾ ಕಡೆ ಓದಿದ್ದೇನೆ. ಅದಕ್ಕೆ ನನ್ನ ಉತ್ತರ ವನ್ನಾಕ್ರೈ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್.

2017ರ ಮೇ 12ರಂದು ಅದು ಹರಡಿತು. ಅದು ಬಳಸಿಕೊಂಡ ವಿಂಡೋಸ್ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಆದರೂ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಬೈಟ್ ಅವರೇ, ನಿಮ್ಮ ಕೇರಳದಲ್ಲೂ ವಯನಾಡಿನ ಪಂಚಾಯತ್ ಕಚೇರಿಯ ಕಂಪ್ಯೂಟರ್‌ಗಳಿಗೆ ತಗುಲಿತ್ತು. ಆ ವೈರಸ್ ಓಡಲು ಶುರುಮಾಡುವ ಮೊದಲು ಒಂದು ಅರ್ಥವಿಲ್ಲದ ವೆಬ್ ವಿಳಾಸಕ್ಕೆ ಹೋಗಿ ನೋಡುತ್ತಿತ್ತು. ವಿಳಾಸ ಸಿಕ್ಕಿದರೆ ಅಲ್ಲೇ ನಿಲ್ಲುತ್ತಿತ್ತು. ಮಾರ್ಕಸ್ ಹಚಿನ್ಸ್ ಎಂಬ ಭದ್ರತಾ ಸಂಶೋಧಕ ಆ ವಿಳಾಸವನ್ನು ತನ್ನ ಹೆಸರಿಗೆ ನೋಂದಾಯಿಸಿದ ಮೇಲೆ ಹರಡುವುದು ತಗ್ಗಿತು. ಈಗ ಯೋಚಿಸಿ. ಇಂಟರ್ನೆಟ್ ಇಲ್ಲದ ಕಡೆ ಆ ವಿಳಾಸ ಸಿಗುವುದು ಹೇಗೆ? ಅಂಥ ನೆಟ್‌ವರ್ಕಿನೊಳಗೆ ಒಂದು ಸಲ ಹೊಕ್ಕರೆ ಅದನ್ನು ನಿಲ್ಲಿಸುವ ಆ ಗುಂಡಿಯೇ ಇರಲಿಲ್ಲ. ಇಂಟರ್ನೆಟ್ ಇದ್ದವರು ಬಚಾವಾದರು, ಇಲ್ಲದವರು ಸಿಕ್ಕಿಬಿದ್ದರು.

ಒಳಗೆ ಹೇಗೆ ಬರುತ್ತದೆ ಅಂತೀರಾ? ನಮ್ಮ ಪ್ಲಾಂಟಿಗೆ ಪ್ರೆಸ್ ಲೈನಿನ ಸರ್ವೀಸ್ ಎಂಜಿನಿಯರ್ ಬರುತ್ತಾರೆ. ಬೆಳಿಗ್ಗೆ ಬೇರೆ ಕಾರ್ಖಾನೆಯಲ್ಲಿ ಸಿಕ್ಕಿಸಿದ ಲ್ಯಾಪ್‌ಟಾಪನ್ನೇ ಮಧ್ಯಾಹ್ನ ನಮ್ಮಲ್ಲಿ ಸಿಕ್ಕಿಸುತ್ತಾರೆ. ನಿಮ್ಮ ಸಿಟಿ ಸ್ಕ್ಯಾನಿಗೂ ಅಂಥವರೇ ಬರುತ್ತಾರೆ ಅಲ್ವಾ? ಇರಾನಿನ ನಟಾಂಜ್ ಅಣು ಸ್ಥಾವರದಲ್ಲೂ ಹೊರಗಿನ ಇಂಟರ್ನೆಟ್ ಇರಲಿಲ್ಲ. ಅಲ್ಲಿಗೆ ಗುರಿಯಿಟ್ಟ, 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ವೈರಸ್ಸನ್ನು ಪೆನ್‌ಡ್ರೈವಿನಿಂದಲೂ ಹರಡುವಂತೆ ಮಾಡಿದ್ದು ಅದಕ್ಕೇ.

ಇನ್ನೊಂದು ಮಾತು. ಸಿಟಿ ಸ್ಕ್ಯಾನ್ ಕನ್ಸೋಲಿನ ವಿಂಡೋಸ್‌ಗೆ ನೀವಾಗಿಯೇ ಪ್ಯಾಚ್ ಹಾಕುವಂತಿಲ್ಲ, ಆಂಟಿವೈರಸ್ ಹಾಕುವಂತಿಲ್ಲ. ಮೆಷಿನ್ ಕೊಟ್ಟವರ ಒಪ್ಪಿಗೆ ಬೇಕು. ಹಾಗಾದರೆ ಅದಕ್ಕೆ ಇರುವ ರಕ್ಷಣೆ ಎದುರಿಗೆ ಕೂತ ಫೈರ್‌ವಾಲಿನ ಐಪಿಎಸ್ ಮಾತ್ರ. ಅದೇ ಹಳತಾದರೆ ಕಥೆ ಮುಗಿಯಿತು.

ತಾಳವಾಡಿ ಟವರ್

ಸರಿ ಸರಿ. ಆದ್ರೆ ಅಪ್‌ಡೇಟ್ ಹಾಕೋಕೆ ಹೋಗಿ ಬಾಕ್ಸ್ ಸತ್ತರೆ ಬೈಸಿಕೊಳ್ಳೋದು ಯಾರು? ವೈರಸ್ ಬರೋದು "ಬಂದ್ರೆ". ಬಾಕ್ಸ್ ಸಾಯೋದು ಅದೇ ರಾತ್ರಿ.

ಅಕ್ಕಲಕೋಟ ಸಕ್ಕರೆ

ಟವರ್ ಸರ್ ಹೇಳೂದರಾಗೂ ಸತ್ಯ ಐತ್ರಿ. ಅದಕ್ಕೇ ಎರಡನ್ನೂ ಬ್ಯಾರೆ ಮಾಡಬೇಕು. ಸಿಗ್ನೇಚರ್ ಒಂದು, ಫರ್ಮ್‌ವೇರ್ ಇನ್ನೊಂದು. ಎರಡಕ್ಕೂ "ಅಪ್‌ಡೇಟ್" ಅಂತ ಒಂದೇ ಹೆಸರು ಇಟ್ಟು ಎಲ್ಲರೂ ಹೆದರಿ ಕೂರುತ್ತಾರೆ.

ನಾನಿರುವುದು ಸೊಲ್ಲಾಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯಲ್ಲಿ. ಹಂಗಾಮು ಶುರುವಾದರೆ ಗಾಣ ಹಗಲು ರಾತ್ರಿ ನಡೆಯುತ್ತದೆ. ಕಬ್ಬಿನ ಗಾಡಿ ಸಾಲುಗಟ್ಟಿ ನಿಂತಿರುತ್ತವೆ. ಆಗ ಕಂಟ್ರೋಲ್ ರೂಮಿನ ಫೈರ್‌ವಾಲ್ ರೀಬೂಟ್ ಮಾಡುತ್ತೇನೆ ಅಂದರೆ ಚೀಫ್ ಎಂಜಿನಿಯರ್ ನನ್ನನ್ನೇ ಗಾಣಕ್ಕೆ ಹಾಕುತ್ತಾರೆ. ಆದ್ದರಿಂದ ಫರ್ಮ್‌ವೇರ್ ಏನಿದ್ದರೂ ಹಂಗಾಮು ಮುಗಿದ ಮೇಲೆ, ಬಾಯ್ಲರ್ ತಣ್ಣಗಾದ ಮೇಲೆ. ಸಿಗ್ನೇಚರ್ ಮಾತ್ರ ವರ್ಷವಿಡೀ ವಾರಕ್ಕೊಮ್ಮೆ ಒಳಗೆ ಹೋಗುತ್ತದೆ. ಅದಕ್ಕೆ ಸಾಮಾನ್ಯವಾಗಿ ರೀಬೂಟ್ ಬೇಡ.

ಇದಕ್ಕೆ ಒಂದೇ ಒಂದು ಅಪವಾದ. ಬಾಕ್ಸಿನದೇ ತೂತು ಬಯಲಾದಾಗ. 2024ರ ಏಪ್ರಿಲ್‌ನಲ್ಲಿ ಪಾಲೊ ಆಲ್ಟೊ ಫೈರ್‌ವಾಲಿನ ಗ್ಲೋಬಲ್‌ಪ್ರೊಟೆಕ್ಟ್ ಎಂಬ ವಿಪಿಎನ್‌ನಲ್ಲಿ (ದೂರದಿಂದ ಒಳಗೆ ಬರುವ ಗುಪ್ತ ದಾರಿ) ಬಂತಲ್ಲ, ತೂತುಗಳ ಪಟ್ಟಿಯಲ್ಲಿ ಸಿವಿಇ-2024-3400. 2023ರ ಜೂನ್‌ನಲ್ಲಿ ಫೋರ್ಟಿಗೇಟ್ ಫೈರ್‌ವಾಲಿನ ಎಸ್‌ಎಸ್‌ಎಲ್ ವಿಪಿಎನ್‌ದು. ಇಂಥ ಸುದ್ದಿ ಬಂದಾಗ ಮೊದಲು ನೋಡಬೇಕಾದ್ದು ಒಂದೇ: ಆ ಸೌಲಭ್ಯ ನಮ್ಮಲ್ಲಿ ಚಾಲೂ ಇದೆಯಾ? ಒಳಗಿನ ನೆಟ್‌ವರ್ಕಿನಲ್ಲಿ ವಿಪಿಎನ್ ಬಳಕೆಯೇ ಇಲ್ಲ ಅಂದರೆ ಅದನ್ನು ಬಂದ್ ಮಾಡಿ ಇಡಿ, ಹಂಗಾಮು ಮುಗಿಯುವವರೆಗೆ ಕಾಯಬಹುದು. ಚಾಲೂ ಇದ್ದರೆ ಗಾಣ ನಿಂತರೂ ಸರಿ, ಹಾಕಬೇಕು.

ಉಪ್ಪಳ ಟೀಚರ್

ಫೈಲ್ ಒಯ್ಯುವ ಬಗ್ಗೆ ನಾನು ಬರೆಯುತ್ತೇನೆ. ಇದು ಉದ್ದ ಆಗುತ್ತದೆ, ಯಾಕೆಂದರೆ ಕೆಲಸ ಇರುವುದೇ ಇಲ್ಲಿ. ಬಾಕ್ಸಿನೊಳಗೆ "ಅಪ್‌ಲೋಡ್" ಒತ್ತುವುದು ಮಕ್ಕಳೂ ಮಾಡುತ್ತಾರೆ.

ಡೌನ್‌ಲೋಡ್ ಮಾಡಲು ಒಂದು ಕಂಪ್ಯೂಟರ್ ಬೇರೆಯೇ ಇರಲಿ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದರೆ ಸಾಕು. ಅದರಲ್ಲಿ ಮೇಲ್ ಬೇಡ, ವಾಟ್ಸಾಪ್ ಬೇಡ. ಕಂಪನಿಯ ಸಪೋರ್ಟ್ ಪುಟದಿಂದ ನಿಮ್ಮದೇ ಲಾಗಿನ್‌ನಲ್ಲಿ ಇಳಿಸಿಕೊಳ್ಳಿ. "ನನ್ನ ಹತ್ರ ಉಂಟು, ಡ್ರೈವ್ ಲಿಂಕ್ ಕಳಿಸ್ತೇನೆ" ಎನ್ನುವ ಪುಣ್ಯಾತ್ಮರು ಎಲ್ಲ ಗ್ರೂಪಿನಲ್ಲೂ ಇರುತ್ತಾರೆ. ಅವರಿಗೆ ದೂರದಿಂದಲೇ ಕೈ ಮುಗಿಯಿರಿ.

ಇಳಿದ ಮೇಲೆ ಹ್ಯಾಶ್ ನೋಡಬೇಕು, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆದ, ಬೆರಳಚ್ಚಿನಂಥ ಅಕ್ಷರಸಾಲು. ಕಂಪನಿಯ ಪುಟದಲ್ಲಿ ಎಸ್‌ಎಚ್‌ಎ-256 ಅಥವಾ ಎಸ್‌ಎಚ್‌ಎ-512 ಕೊಟ್ಟಿರುತ್ತಾರೆ. ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್, ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅಥವಾ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಕಮಾಂಡ್ ಕೊಟ್ಟರೆ ನಿಮ್ಮ ಫೈಲಿನ ಹ್ಯಾಶ್ ಸಿಗುತ್ತದೆ. ಎಸ್‌ಎಚ್‌ಎ-256 ಅಂದರೆ 64 ಅಕ್ಷರ. ಮೊದಲ ನಾಲ್ಕು, ಕೊನೆಯ ನಾಲ್ಕು ನೋಡಿ "ಸರಿ ಉಂಟು" ಎನ್ನಬೇಡಿ. ಎರಡನ್ನೂ ಒಂದು ಟೆಕ್ಸ್ಟ್ ಫೈಲಿನಲ್ಲಿ ಒಂದರ ಕೆಳಗೊಂದು ಅಂಟಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಇದೇ ಹ್ಯಾಶನ್ನು ಒಳಗೆ ಹೋದ ಮೇಲೆ ಇನ್ನೊಮ್ಮೆ ತೆಗೆಯಬೇಕು. ದಾರಿಯಲ್ಲಿ ಪೆನ್‌ಡ್ರೈವ್ ಕೈಕೊಟ್ಟರೆ ಗೊತ್ತಾಗುವುದು ಹಾಗೆಯೇ.

ಹ್ಯಾಶ್ ಹೇಳುವುದು ಫೈಲ್ ಕೆಟ್ಟಿಲ್ಲ ಎಂದಷ್ಟೇ. ಪುಟವನ್ನೇ ಯಾರಾದರೂ ಬದಲಾಯಿಸಿದ್ದರೆ ಹ್ಯಾಶನ್ನೂ ಬದಲಾಯಿಸಿರುತ್ತಾರೆ. ಫೈಲ್ ಯಾರದ್ದು ಎಂದು ಹೇಳುವುದು ಡಿಜಿಟಲ್ ಸಹಿ. ಈಗಿನ ಬಾಕ್ಸ್‌ಗಳು ಫರ್ಮ್‌ವೇರಿನ ಸಹಿಯನ್ನು ತಾವೇ ಪರೀಕ್ಷಿಸುತ್ತವೆ. ಅಲ್ಲಿ ಎಚ್ಚರಿಕೆ ಬಂದರೆ "ಆದರೂ ಮುಂದುವರಿಸು" ಒತ್ತಬೇಡಿ, ಅಲ್ಲೇ ನಿಲ್ಲಿಸಿ. ಸಹಿಯೂ ದೇವರಲ್ಲ. 2020ರ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ಕಂಪನಿಯದೇ ಸಹಿ ಇದ್ದ ಅಪ್‌ಡೇಟಿನೊಳಗೆ ವಿಷ ಇತ್ತು, ಸುಮಾರು 18,000 ಗ್ರಾಹಕರಿಗೆ ಅದು ಹೋಗಿತ್ತು. ಆದರೆ ಸಹಿ ನೋಡದೆ ಹಾಕುವುದಕ್ಕೆ ಅದು ನೆಪ ಆಗಬಾರದು.

ಆಮೇಲೆ ಒಯ್ಯುವ ಸಾಧನ. ಪೆನ್‌ಡ್ರೈವ್ ಈ ಕೆಲಸಕ್ಕೆ ಮಾತ್ರ ಮೀಸಲಿರಲಿ. ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಪ್ರತಿ ಸಲ ಒಯ್ಯುವ ಮೊದಲು ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿ. ಒಳಗೆ ಹೋದದ್ದು ಹಾಗೆಯೇ ಹೊರಗೆ ಬರಬಾರದು. ಒಳಗೆ ಅದನ್ನು ಸೀದಾ ಫೈರ್‌ವಾಲಿಗೆ ಚುಚ್ಚುವುದಕ್ಕಿಂತ, ಒಂದು ಸಣ್ಣ ಸರ್ವರ್ ಇಟ್ಟು ಅಲ್ಲಿ ಸ್ಕ್ಯಾನ್ ಮಾಡಿ, ಹ್ಯಾಶ್ ನೋಡಿ, ಅಲ್ಲಿಂದ ನೆಟ್‌ವರ್ಕಿನ ಮೂಲಕ ಎಲ್ಲ ಬಾಕ್ಸಿಗೂ ಕಳಿಸುವುದು ಒಳ್ಳೆಯದು. ಚುಚ್ಚುವ ಜಾಗ ಒಂದೇ ಆದರೆ ಕಾಯುವುದೂ ಒಂದೇ ಜಾಗ.

ಒಂದು ಪುಸ್ತಕ ಇಡಿ. ತಾರೀಕು, ಫೈಲಿನ ಹೆಸರು, ಹ್ಯಾಶ್, ಇಳಿಸಿದವರು, ಒಯ್ದವರು, ಹಾಕಿದವರು. ಇಳಿಸಿದವರೂ ಹಾಕಿದವರೂ ಒಬ್ಬರೇ ಆಗದಿದ್ದರೆ ಒಳ್ಳೆಯದು. ನಿಮ್ಮ ಕಡೆ ಡ್ಯೂಟಿಯಲ್ಲಿ ಇರುವವರು ಅರ್ಧ ಮಲಯಾಳ, ಅರ್ಧ ಕನ್ನಡ ಓದುವವರು. ಎರಡರಲ್ಲೂ ಅಂಕಣದ ತಲೆಬರಹ ಬರೆದಿಡಿ, ಇಲ್ಲವಾದರೆ ರಾತ್ರಿ ಪಾಳಿಯವರು ಖಾಲಿ ಬಿಡುತ್ತಾರೆ.

ಕುಂಬಳೆ ಕನ್ಸೋಲ್

ಟೀಚರೇ, ಎಲ್ಲ ಒಪ್ಪಿದೆ, ಪೆನ್‌ಡ್ರೈವ್ ಒಂದು ಬಿಟ್ಟು. 2014ರಲ್ಲಿ ಭದ್ರತಾ ಸಂಶೋಧಕ ಕಾರ್ಸ್ಟನ್ ನೋಲ್ ತಂಡ ಬ್ಯಾಡ್‌ಯುಎಸ್‌ಬಿ ಎಂಬ ದಾಳಿ ತೋರಿಸಿದ ಮೇಲೆ ನನಗೆ ಪೆನ್‌ಡ್ರೈವಿನಲ್ಲಿ ನಂಬಿಕೆ ಹೋಗಿದೆ. ಅದರೊಳಗಿನ ಕಂಟ್ರೋಲರ್ ಚಿಪ್ಪಿನ ಫರ್ಮ್‌ವೇರನ್ನೇ ಬದಲಾಯಿಸಿದರೆ ಅದು ಕೀಬೋರ್ಡ್ ಥರ ನಟಿಸಿ ಕಮಾಂಡ್ ಟೈಪ್ ಮಾಡುತ್ತದೆ. ನೀವು ಎಷ್ಟು ಫಾರ್ಮ್ಯಾಟ್ ಮಾಡಿ, ಎಷ್ಟು ಸ್ಕ್ಯಾನ್ ಮಾಡಿ, ಅದು ಕಾಣುವುದಿಲ್ಲ.

ನಾನು ಡಿವಿಡಿ-ಆರ್ ಬಳಸುತ್ತೇನೆ. 4.7 ಜಿಬಿ ಹಿಡಿಯುತ್ತದೆ, ಫರ್ಮ್‌ವೇರಿಗೆ ಧಾರಾಳ. ಬರೆದು ಫೈನಲೈಸ್ ಮಾಡಿದರೆ ಆಮೇಲೆ ಏನೂ ಸೇರಿಸಲಿಕ್ಕೆ ಆಗುವುದಿಲ್ಲ. ಒಳಗಿನಿಂದ ಏನೂ ಅದರ ಮೇಲೆ ಹತ್ತಿಕೊಂಡು ಹೊರಗೆ ಬರುವುದೂ ಇಲ್ಲ. ಕೆಲಸ ಮುಗಿದ ಮೇಲೆ ತಾರೀಕು ಬರೆದು ಕಪಾಟಿನಲ್ಲಿ ಇಟ್ಟರೆ ಆಡಿಟ್‌ಗೆ ಸಾಕ್ಷಿಯೂ ಆಯಿತು. ಎಕ್ಸ್‌ಟರ್ನಲ್ ಡ್ರೈವ್ ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರು ಹಂಪನಕಟ್ಟೆಯಲ್ಲಿ ಸಿಗುತ್ತದೆ.

ಎಸ್‌ಡಿ ಕಾರ್ಡಿನ ಬದಿಯಲ್ಲಿ "ಲಾಕ್" ಎಂದು ಒಂದು ಸಣ್ಣ ಗುಬುಟು ಇರುತ್ತದಲ್ಲ, ಅದನ್ನು ನಂಬಬೇಡಿ. ಅದು ಕಾರ್ಡ್ ರೀಡರಿಗೆ ತೋರಿಸುವ ಸೂಚನೆ ಅಷ್ಟೇ. ರೀಡರ್ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬರೆದೇ ಬರೆಯುತ್ತದೆ.

ಹಿಂದೂಪುರ ಹಬ್

ದುಡ್ಡಿದ್ದರೆ ಡೇಟಾ ಡಯೋಡ್ ಹಾಕಿಸಿ. ಫೈಬರ್‌ನಲ್ಲಿ ಕಳಿಸುವ ಎಳೆ ಮಾತ್ರ, ವಾಪಸ್ ಬರುವ ಎಳೆಯೇ ಇಲ್ಲ.

ಕುಂಬಳೆ ಕನ್ಸೋಲ್

ದುಡ್ಡಿದ್ದರೆ ಅವರು ಇಲ್ಲಿ ಬಂದು ಯಾಕೆ ಕೇಳುತ್ತಾರೆ ಮಾರಾಯ್ರೆ. ಮತ್ತೆ ಡಯೋಡಿನಲ್ಲಿ "ಮುಟ್ಟಿತು" ಎಂದು ಆ ಕಡೆಯಿಂದ ಉತ್ತರ ಬರುವುದಿಲ್ಲ. ಒಂದು ತುಂಡು ಬಿದ್ದುಹೋದರೂ ಕಳಿಸಿದವರಿಗೆ ಗೊತ್ತಾಗದು. ಅದಕ್ಕಾಗಿ ಹೆಚ್ಚುವರಿ ತುಂಡು ಸೇರಿಸಿ ಕಳಿಸುವ ಸಾಫ್ಟ್‌ವೇರ್ ಬೇಕು. ದಿನಾ ಕಳಿಸುವ ದೊಡ್ಡ ಜಾಗಕ್ಕೆ ಅದು ಸರಿ. ವಾರಕ್ಕೊಂದು ಫೈಲಿಗೆ ಡಿವಿಡಿ ಸಾಕು.

ಬದಿಯಡ್ಕ ಬೈಟ್

ಓದಿ ಓದಿ ತಲೆಗೆ ಹೋಗ್ತಾ ಉಂಟು. ಎಲ್ಲರಿಗೂ ಧನ್ಯವಾದ. ಮಧ್ಯದ ಆವೃತ್ತಿಗಳನ್ನು ಬಿಟ್ಟು ಸೀದಾ ಹೊಸದಕ್ಕೆ ಹಾರಬಹುದಾ?

ಹೊಸೂರು ಶಿಫ್ಟ್ ಬಿ

ಬೇಡ ಸರ್. ಹಳೇ ಕಾನ್ಫಿಗರೇಶನ್ನನ್ನು ಹೊಸ ರೂಪಕ್ಕೆ ತಿರುಗಿಸುವ ಕೆಲಸ ಪ್ರತಿ ಆವೃತ್ತಿಯೂ ತನ್ನ ಹಿಂದಿನದಕ್ಕೆ ನೋಡಿಕೊಂಡು ಮಾಡುತ್ತದೆ. ಹಾರಿದರೆ ರೂಲ್‌ಗಳು ಸದ್ದಿಲ್ಲದೆ ಉದುರಿಹೋಗಬಹುದು. ಬಾಕ್ಸ್ ಆನ್ ಆಗುತ್ತದೆ, ಎಲ್ಲ ಹಸಿರು ದೀಪ, ಆದರೆ ಒಂದು ಪಾಲಿಸಿ ಕಾಣೆ. ಇದು ಬಾಕ್ಸ್ ಸಾಯುವುದಕ್ಕಿಂತ ಕೆಟ್ಟದ್ದು.

ಫೋರ್ಟಿಗೇಟ್ ಆದರೆ ಅವರ ಸಪೋರ್ಟ್ ಪುಟದಲ್ಲಿ ಅಪ್‌ಗ್ರೇಡ್ ಪಾತ್ ಕೇಳುವ ಉಪಕರಣ ಇದೆ. ಮಾಡೆಲ್, ಈಗಿನ ಆವೃತ್ತಿ, ಬೇಕಾದ ಆವೃತ್ತಿ ಕೊಟ್ಟರೆ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ. ಆ ಎಲ್ಲ ಮೆಟ್ಟಿಲಿನ ಫೈಲನ್ನೂ ಒಂದೇ ಸಲ ಇಳಿಸಿ ಒಯ್ಯಿರಿ. ಇಲ್ಲವಾದರೆ ಅರ್ಧ ದಾರಿಯಲ್ಲಿ ಮತ್ತೆ ಹೊರಗೆ ಓಡಬೇಕು.

ಪಾಲೊ ಆಲ್ಟೊದಲ್ಲಿ ಬೇರೆ ಪೇಚು. 10.1.x ಗೆ ಹೋಗಬೇಕಾದರೆ ಆ ಸಾಲಿನ ಮೂಲ 10.1.0 ಇಮೇಜು (ಫರ್ಮ್‌ವೇರ್ ಫೈಲು) ಬಾಕ್ಸಿನಲ್ಲಿ ಇರಬೇಕು. ಇನ್‌ಸ್ಟಾಲ್ ಮಾಡಬೇಕಂತಿಲ್ಲ, ಅಪ್‌ಲೋಡ್ ಆಗಿದ್ದರೆ ಸಾಕು. ಇಂಟರ್ನೆಟ್ ಇದ್ದವರು ಅದನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತಾರೆ, ಆಫ್‌ಲೈನ್‌ನವರು ಮರೆತರೆ ಅಲ್ಲೇ ನಿಂತರು. ಜೊತೆಗೆ ಅಪ್ಲಿಕೇಶನ್ ಮತ್ತು ಥ್ರೆಟ್ ಕಂಟೆಂಟ್ (ಅವರ ಸಿಗ್ನೇಚರ್ ಕಂತೆ) ಒಂದು ಮಟ್ಟಕ್ಕಿಂತ ಹಳತಿದ್ದರೆ ಹೊಸ ಸಾಫ್ಟ್‌ವೇರ್ ಕೂರುವುದಿಲ್ಲ. ಅಂದರೆ ಅಲ್ಲಿ ಸಿಗ್ನೇಚರ್ ಮೊದಲು, ಫರ್ಮ್‌ವೇರ್ ನಂತರ. ನಿಮ್ಮದು ಯಾವುದೇ ಇರಲಿ, ರಿಲೀಸ್ ನೋಟ್ಸ್ ಓದಿ. ಬೇಜಾರಿನ ಕೆಲಸ, ಆದರೆ ಇದೆಲ್ಲ ಬರೆದಿರುವುದು ಅಲ್ಲೇ.

ಎರಡು ಸಣ್ಣ ವಿಷಯ. ತುಂಬಾ ಬಾಕ್ಸ್‌ಗಳು ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಮಾತ್ರ ಓದುತ್ತವೆ, ಮತ್ತು ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಟಿಎಫ್‌ಟಿಪಿ (ನೆಟ್‌ವರ್ಕಿನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಬಳಸುವವರಿಗೆ: ಹಳೇ ಟಿಎಫ್‌ಟಿಪಿ ಸರ್ವರ್ 512 ಬೈಟಿನ ತುಂಡಿನಲ್ಲಿ ಕಳಿಸುತ್ತದೆ, ತುಂಡಿನ ಲೆಕ್ಕ 65,535ಕ್ಕೆ ಮುಗಿಯುತ್ತದೆ. ಅಂದರೆ ಸುಮಾರು 32 ಎಂಬಿಗೆ ನಿಂತುಹೋಗುತ್ತದೆ. ಈಗಿನ ಇಮೇಜುಗಳು ಅದಕ್ಕಿಂತ ದೊಡ್ಡವು. ತುಂಡಿನ ಗಾತ್ರ ಹೆಚ್ಚಿಸಲು ಬರುವ ಸರ್ವರನ್ನೇ ಹಾಕಿಕೊಳ್ಳಿ.

ಹಿಂದೂಪುರ ಹಬ್

ಸಿಗ್ನೇಚರ್ ಬಂದ ಕೂಡಲೇ ಹಾಕಬೇಕು ಅಂತ ಓಡಬೇಡಿ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕಂಟೆಂಟ್ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳನ್ನು ನೀಲಿ ಪರದೆಗೆ ತಂದು ನಿಲ್ಲಿಸಿತು. ಅದು ಫರ್ಮ್‌ವೇರ್ ಅಲ್ಲ, ಸಿಗ್ನೇಚರ್ ಜಾತಿಯದ್ದೇ. ನಮ್ಮಂಥ ಆಫ್‌ಲೈನ್‌ನವರಿಗೆ ಇರುವ ಒಂದೇ ಸುಖ ಅಂದರೆ ಕಾಯುವ ಅವಕಾಶ. ಎರಡು ಮೂರು ದಿನ ಬಿಟ್ಟು, ಬೇರೆಯವರು ಕೂಗಿಕೊಂಡಿಲ್ಲ ಅಂತ ನೋಡಿ ಹಾಕಿ.

ಒಳಗಿನ ಸ್ಕ್ಯಾನ್ ಸರ್ವರಿಗೆ ನಾನು ಕ್ಲ್ಯಾಮ್‌ಎವಿ ಎಂಬ ಉಚಿತ ಆಂಟಿವೈರಸ್ ಹಾಕಿದ್ದೇನೆ. ಮೇನ್, ಡೈಲಿ, ಬೈಟ್‌ಕೋಡ್ ಅಂತ ಮೂರು ಸಿವಿಡಿ ಫೈಲ್, ಅದರ ಸಿಗ್ನೇಚರ್ ಇರುವುದು ಅವುಗಳಲ್ಲಿ. ಮೇನ್ ಅಪರೂಪಕ್ಕೆ ಬದಲಾಗುತ್ತದೆ, ದಿನಾ ಬದಲಾಗುವುದು ಡೈಲಿ. ಅದನ್ನು ಡಬ್ಲ್ಯುಗೆಟ್ ಎಂಬ ಸಾಮಾನ್ಯ ಡೌನ್‌ಲೋಡ್ ಕಮಾಂಡಿನಿಂದ ಇಳಿಸಲು ಹೋದರೆ ಅವರ ಸರ್ವರ್ ಬಾಗಿಲು ಹಾಕುತ್ತದೆ. ಸಿವಿಡಿಅಪ್‌ಡೇಟ್ ಅಂತ ಅವರದೇ ಪೈಥಾನ್ ಉಪಕರಣ ಇದೆ, ಅದನ್ನು ಬಳಸಿ. ಒಳಗೆ ಹೋದ ಮೇಲೆ ಸಿಗ್‌ಟೂಲ್‌ನಲ್ಲಿ ಇನ್ಫೋ ನೋಡಿದರೆ ತಾರೀಕು, ಆವೃತ್ತಿ, ಸಹಿ ಸರಿ ಇದೆಯಾ ಎಲ್ಲ ಹೇಳುತ್ತದೆ. ಫೈಲಿನ ಮಾಲೀಕತ್ವವನ್ನು ಕ್ಲ್ಯಾಮ್‌ಎವಿ ಬಳಕೆದಾರನಿಗೆ ಕೊಡದಿದ್ದರೆ ಸರ್ವೀಸ್ ಅದನ್ನು ಓದದೆ ಹಳೆಯದರಲ್ಲೇ ಓಡುತ್ತಿರಬಹುದು.

ಬದಿಯಡ್ಕ ಬೈಟ್

ಕೆಲಸ ಶುರು ಮಾಡಿದೆವು. ಒಂದು ಫೈಲಿನ ಹ್ಯಾಶ್ ಹೊಂದಲಿಲ್ಲ. ನೋಡಿದರೆ ಗಾತ್ರವೇ ಕಡಿಮೆ. ಸಂಜೆ ಗುಡುಗು, ಕರೆಂಟ್ ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತದ್ದನ್ನು ಬ್ರೌಸರ್ ಪೂರ್ತಿ ಎಂದು ತೋರಿಸಿತ್ತು. ಮತ್ತೆ ಇಳಿಸಿದ ಮೇಲೆ ಸರಿ ಆಯಿತು.

ಈಗ ಬೇರೆ ತಲೆಬಿಸಿ. ಹ್ಯಾಶ್ ಹೊರಗೂ ಒಳಗೂ ಪಕ್ಕಾ ಹೊಂದುತ್ತದೆ. ಆದರೆ ಸಿಗ್ನೇಚರ್ ಪ್ಯಾಕೇಜನ್ನು ಬಾಕ್ಸ್ ತೆಗೆದುಕೊಳ್ಳುವುದಿಲ್ಲ. "ಸರ್ಟಿಫಿಕೇಟ್ ಇನ್ನೂ ಚಾಲ್ತಿಗೆ ಬಂದಿಲ್ಲ" ಎನ್ನುವ ಅರ್ಥದ ಸಂದೇಶ ಕೊಡುತ್ತದೆ. ಟೀಚರ್ ಹೇಳಿದಂತೆ ನಿಲ್ಲಿಸಿ ಕೂತಿದ್ದೇವೆ.

ಕುಂಬಳೆ ಕನ್ಸೋಲ್

ಬಾಕ್ಸಿನ ಗಡಿಯಾರ ಎಷ್ಟು ತೋರಿಸುತ್ತದೆ?

ಬದಿಯಡ್ಕ ಬೈಟ್

ಅಯ್ಯೋ. ಎಷ್ಟೋ ವರ್ಷ ಹಿಂದಿನ ಜನವರಿ 1.

ಕುಂಬಳೆ ಕನ್ಸೋಲ್

ಅದೇ ಮತ್ತೆ. ಬಾಕ್ಸಿನ ಲೆಕ್ಕದಲ್ಲಿ, ಸಹಿಯ ಜೊತೆ ಬರುವ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಿರುತ್ತದೆ. ದೊಡ್ಡ ಪವರ್ ಕಟ್ ಆಗಿ ಯುಪಿಎಸ್ ಕೈಬಿಟ್ಟ ದಿನ ಗಡಿಯಾರ ಮೊದಲಿಗೆ ಹೋಗಿದೆ. ಇಂಟರ್ನೆಟ್ ಇದ್ದಲ್ಲಿ ಎನ್‌ಟಿಪಿಯಿಂದ (ನೆಟ್‌ವರ್ಕಿನ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ತಾನಾಗಿ ಸರಿಯಾಗುತ್ತದೆ, ನಿಮ್ಮಲ್ಲಿ ಸರಿಮಾಡುವವರು ಯಾರೂ ಇಲ್ಲ. ಜೋಡಿಯ ಎರಡನೆಯದನ್ನೂ ನೋಡಿ.

ಕೈಯಲ್ಲಿ ಸಮಯ ಕೊಟ್ಟು ಈಗಿನ ಕೆಲಸ ಮುಗಿಸಬಹುದು. ಆದರೆ ಒಳಗೆ ಒಂದು ಎನ್‌ಟಿಪಿ ಸರ್ವರ್ ಬೇಕೇ ಬೇಕು. ಮಹಡಿ ಮೇಲೆ ಆಂಟೆನಾ ಇಟ್ಟು ಜಿಪಿಎಸ್‌ನಿಂದ ಸಮಯ ತೆಗೆದುಕೊಳ್ಳುವ ಗಡಿಯಾರ ಸಿಗುತ್ತದೆ. ನಮ್ಮಲ್ಲಿ ತುಲಾವರ್ಷದ (ಹಿಂಗಾರು ಮಳೆಯ) ಸಿಡಿಲು ಗೊತ್ತಲ್ಲ, ಆಂಟೆನಾ ಕೇಬಲಿಗೆ ಸರ್ಜ್ ಅರೆಸ್ಟರ್ ಹಾಕದೆ ಇಡಬೇಡಿ.

ಉಪ್ಪಳ ಟೀಚರ್

ಇದಕ್ಕೆ ಕಾನೂನಿನ ಮುಖವೂ ಉಂಟು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಗಡಿಯಾರ ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯಕ್ಕೆ ಹೊಂದಿರಬೇಕು, ಲಾಗ್ 180 ದಿನ ಇಡಬೇಕು, ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಎಂದು ಹೇಳಿದೆ. ಜನವರಿ 1 ತೋರಿಸುವ ಬಾಕ್ಸಿನ ಲಾಗನ್ನು 180 ದಿನ ಅಲ್ಲ, 180 ವರ್ಷ ಇಟ್ಟರೂ ಏನು ಪ್ರಯೋಜನ?

ಇನ್ನೊಂದು ಸಂಗತಿಗೆ ತಯಾರಾಗಿರಿ. ಗಡಿಯಾರ ಸರಿಯಾದ ಕೂಡಲೇ ಲೈಸೆನ್ಸ್ ಮುಗಿದಿರುವುದು ಬಯಲಾಗಬಹುದು.

ಬದಿಯಡ್ಕ ಬೈಟ್

ಟೀಚರ್ ಬಾಯಿಗೆ ಸಕ್ಕರೆ ಹಾಕಲಾ ಬೇಡವಾ ಗೊತ್ತಾಗ್ತಾ ಇಲ್ಲ. ಹಾಗೆಯೇ ಆಯಿತು. ಗಡಿಯಾರ ತಿದ್ದಿದ ಕೂಡಲೇ ಸಬ್‌ಸ್ಕ್ರಿಪ್ಶನ್ ಕೆಂಪು. ಈಗ ರಿನ್ಯೂವಲ್ ಫೈಲು ಅಕೌಂಟ್ಸ್ ವಿಭಾಗದ ಮೇಜಿನಲ್ಲಿ ಕೂತಿದೆ.

ಅಕ್ಕಲಕೋಟ ಸಕ್ಕರೆ

ರಿನ್ಯೂ ಮಾಡುವಾಗಲೇ "ನಮ್ಮದು ಇಂಟರ್ನೆಟ್ ಇಲ್ಲದ ಜಾಗ" ಅಂತ ಪರ್ಚೇಸ್ ಆರ್ಡರಿನಲ್ಲೇ ಬರೆಸ್ರಿ. ದುಡ್ಡು ಕಟ್ಟಿದ ಮಾತ್ರಕ್ಕೆ ನಿಮ್ಮ ಬಾಕ್ಸಿಗೆ ಅದು ಗೊತ್ತಾಗುವುದಿಲ್ಲ. ಆಫ್‌ಲೈನ್ ಲೈಸೆನ್ಸ್ ಫೈಲ್ ಬೇರೆ ಕೇಳಿ ತೆಗೆದುಕೊಳ್ಳಬೇಕು. ಸೀರಿಯಲ್ ನಂಬರಿಗೆ ಒಂದರಂತೆ, ಜೋಡಿ ಇದ್ದರೆ ಎರಡು. ಮತ್ತ ಆಫ್‌ಲೈನ್ ಲೈಸೆನ್ಸೇ ಕೊಡದ ಬಾಕ್ಸ್ ಆದರೆ ಮುಂದಿನ ಸಲ ಟೆಂಡರಿನಲ್ಲಿ ಆ ಮಾಡೆಲ್ ಬರದಂತೆ ಈಗಲೇ ಬರೆದಿಟ್ಟುಕೊಳ್ರಿ.

ಹಿಂದೂಪುರ ಹಬ್

ಬಜೆಟ್ ಇಲ್ಲದವರಿಗೆ: ಸುರಿಕಾಟಾ ಎಂಬ ಐಪಿಎಸ್ ಸಾಫ್ಟ್‌ವೇರ್ ಜೊತೆ ಇಟಿ ಓಪನ್ ರೂಲ್ (ಸಿಗ್ನೇಚರ್ ಥರದ್ದೇ) ಉಚಿತ. ರೂಲ್ ಕಂತೆಯನ್ನು ಹೊರಗೆ ಇಳಿಸಿ, ಒಳಗೆ ಸುರಿಕಾಟಾ-ಅಪ್‌ಡೇಟ್‌ಗೆ ಆ ಫೈಲಿನ ದಾರಿ ತೋರಿಸಿದರೆ ಆಯಿತು. ಅಂಥದ್ದೇ ಇನ್ನೊಂದು, ಸ್ನಾರ್ಟ್ ಆದರೆ ದುಡ್ಡು ಕೊಡದೆ ಬರೀ ನೋಂದಣಿ ಮಾಡಿದವರಿಗೆ ರೂಲ್ 30 ದಿನ ತಡವಾಗಿ ಸಿಗುತ್ತದೆ. ತಿಂಗಳಿಗೊಮ್ಮೆ ಒಯ್ಯುವವರಿಗೆ ಅದೂ ದೊಡ್ಡ ನಷ್ಟ ಅಲ್ಲ ಬಿಡಿ.

ಬದಿಯಡ್ಕ ಬೈಟ್

ಲೈಸೆನ್ಸ್ ಬಂತು. ಆದಿತ್ಯವಾರ ರಾತ್ರಿಗೆ ಅನುಮತಿ ಸಿಕ್ಕಿದೆ. ಕಾನ್ಫಿಗರೇಶನ್ ಬ್ಯಾಕಪ್ ತೆಗೆದಾಗಿದೆ. ಬೇರೆ ಏನಾದರೂ?

ಹೊಸೂರು ಶಿಫ್ಟ್ ಬಿ

ಬ್ಯಾಕಪ್ಪಿನ ಪಾಸ್‌ವರ್ಡ್ ಎಲ್ಲಿ ಬರೆದಿಟ್ಟಿದ್ದೀರಿ ಅಂತ ನೋಡಿಕೊಳ್ಳಿ. ಪಾಸ್‌ವರ್ಡ್ ಇಲ್ಲದ ಎನ್‌ಕ್ರಿಪ್ಟೆಡ್ ಬ್ಯಾಕಪ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮೊದಲು ಸ್ಟ್ಯಾಂಡ್‌ಬೈ ಬಾಕ್ಸ್ ಮಾಡಿ. ಅದು ಎದ್ದು ಸರಿ ಇದೆ ಅಂತ ಖಾತ್ರಿಯಾದ ಮೇಲೆ ಟ್ರಾಫಿಕ್ಕನ್ನು ಅದಕ್ಕೆ ತಿರುಗಿಸಿ. ಆಮೇಲೆ ಮೊದಲಿನದು. ಕೆಲವು ಬಾಕ್ಸ್‌ಗಳು ಇದನ್ನು ತಾವೇ ಮಾಡುತ್ತವೆ. ಫೋರ್ಟಿಗೇಟ್, ಸೋಫೋಸ್, ಪಾಲೊ ಆಲ್ಟೊ ಮೂರರಲ್ಲೂ ಹಿಂದಿನ ಸಾಫ್ಟ್‌ವೇರ್ ಇನ್ನೊಂದು ಪಾರ್ಟಿಶನ್‌ನಲ್ಲಿ ಉಳಿದಿರುತ್ತದೆ, ಕೆಟ್ಟರೆ ಅದಕ್ಕೆ ಬೂಟ್ ಮಾಡಿ ಹಿಂದೆ ಬರಬಹುದು. ಆದರೆ ಹಿಂದೆ ಬಂದಾಗ ಹೊಸದರಲ್ಲಿ ಮಾಡಿದ ಬದಲಾವಣೆ ಜೊತೆಗೆ ಬರುವುದಿಲ್ಲ. ಆದ್ದರಿಂದ ಆ ರಾತ್ರಿ ಹೊಸ ರೂಲ್ ಸೇರಿಸುವ ಉಸಾಬರಿ ಬೇಡ.

ಎಷ್ಟು ಗಂಟೆಗೆ ಕೈಬಿಟ್ಟು ಹಿಂದೆ ಬರುತ್ತೀರಿ ಅಂತ ಮೊದಲೇ ಕಾಗದದಲ್ಲಿ ಬರೆದು ಡ್ಯೂಟಿ ಡಾಕ್ಟರಿಗೂ ಹೇಳಿಡಿ. ನಡುರಾತ್ರಿ "ಇನ್ನು ಹತ್ತೇ ನಿಮಿಷ" ಅಂತ ಶುರುವಾದರೆ ಬೆಳಗಾಗುತ್ತದೆ.

ಕುಂಬಳೆ ಕನ್ಸೋಲ್

ಕನ್ಸೋಲ್ ಕೇಬಲ್ ಚುಚ್ಚಿಯೇ ಶುರು ಮಾಡಿ, ಕೆಟ್ಟ ಮೇಲೆ ಹುಡುಕುವುದಲ್ಲ. ಫೋರ್ಟಿಗೇಟ್, ಪಾಲೊ ಆಲ್ಟೊ, ಸಿಸ್ಕೊಗೆ ಸಾಮಾನ್ಯವಾಗಿ 9600 ವೇಗ. ಸೋಫೋಸ್ ಎಕ್ಸ್‌ಜಿಗೆ 38400. ವೇಗ ತಪ್ಪಿದರೆ ಪರದೆಯಲ್ಲಿ ಕಸದಂಥ ಅಕ್ಷರ ಬರುತ್ತವೆ, ಆಗ ಬಾಕ್ಸ್ ಸತ್ತಿತು ಎಂದು ಗಾಬರಿ ಬೀಳಬೇಡಿ.

ಉಪ್ಪಳ ಟೀಚರ್

ಹೊಸ ಐಪಿಎಸ್ ಸಿಗ್ನೇಚರನ್ನು ಮೊದಲ ದಿನವೇ ತಡೆಯುವ ಮೋಡ್‌ಗೆ ಹಾಕಬೇಡಿ. ಬರೀ ಎಚ್ಚರಿಸುವ ಮೋಡ್ ಇರಲಿ. ಸ್ಕ್ಯಾನ್ ಚಿತ್ರ ಕಳಿಸುವ ಡೈಕಾಮ್‌ನ 104ನೇ ಪೋರ್ಟ್, ಅನಲೈಸರ್ ಫಲಿತಾಂಶ ಕಳಿಸುವ ಎಚ್‌ಎಲ್7 ಇವೆಲ್ಲ ಫೈರ್‌ವಾಲಿಗೆ ದಿನಾ ಕಾಣುವ ಟ್ರಾಫಿಕ್ ಅಲ್ಲ. ಹಳೇ ಮೆಷಿನ್ ಏನಾದರೂ ವಿಚಿತ್ರವಾಗಿ ಮಾತಾಡಿದರೆ ದಾಳಿ ಎಂದು ತಿಳಿದು ಕಡಿದುಹಾಕಬಹುದು.

ಆಂಟಿವೈರಸ್ ನಿಜಕ್ಕೂ ಕೆಲಸ ಮಾಡುತ್ತದಾ ಎಂದು ನೋಡಲು ಐಕಾರ್ ಫೈಲ್ ಬಳಸಿ. 68 ಅಕ್ಷರದ ನಿರಪಾಯ ಸಾಲು ಅದು, ಎಲ್ಲ ಆಂಟಿವೈರಸ್‌ಗಳೂ ವೈರಸ್ ಎಂದೇ ಹಿಡಿಯಬೇಕೆಂದು ಮಾಡಿದ್ದು. ಒಂದು ಕಡೆಯ ಸರ್ವರಿನಲ್ಲಿ ಇಟ್ಟು ಇನ್ನೊಂದು ಕಡೆಯಿಂದ ಎಚ್‌ಟಿಟಿಪಿಯಲ್ಲಿ ಎಳೆಯಿರಿ. ಎಚ್‌ಟಿಟಿಪಿಎಸ್ ಆದರೆ ಒಳಗೆ ಬಿಚ್ಚಿ ನೋಡುವ ವ್ಯವಸ್ಥೆ ಇಲ್ಲದಿದ್ದಲ್ಲಿ ಹಿಡಿಯುವುದಿಲ್ಲ, ಅದು ಬಾಕ್ಸಿನ ತಪ್ಪಲ್ಲ.

ಬದಿಯಡ್ಕ ಬೈಟ್

ಆಯಿತು! ಸ್ಟ್ಯಾಂಡ್‌ಬೈ ಮೊದಲು, ಆಮೇಲೆ ಇನ್ನೊಂದು. ಟ್ರಾಫಿಕ್ ತಿರುಗಿಸುವಾಗ ಲ್ಯಾಬಿನವರಿಗೆ ಒಂದು ಕ್ಷಣ ಸ್ಕ್ರೀನ್ ನಿಂತದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಪಾಲಿಸಿ ಲೆಕ್ಕ ಮೊದಲಿನಷ್ಟೇ ಉಂಟು, ಮೊದಲಿನ ಪ್ರಿಂಟ್ ಹಿಡಿದು ಒಂದೊಂದೇ ಟಿಕ್ ಹಾಕಿದೆವು. ಐಕಾರ್ ಸಿಕ್ಕಿಬಿತ್ತು.

ಟೀಚರ್ ಹೇಳಿದ್ದು ಅಕ್ಷರಶಃ ನಿಜ. ಬೆಳಿಗ್ಗೆ ಲಾಗಿನಲ್ಲಿ ಒಂದೇ ಎಚ್ಚರಿಕೆ ಸಾಲುಸಾಲಾಗಿ. ಎಲ್ಲವೂ ಒಂದೇ ವಿಳಾಸದಿಂದ. ನೋಡಿದರೆ ಲ್ಯಾಬಿನ ಮೂಲೆಯ ಹಳೇ ಅನಲೈಸರ್, ಪ್ರತಿ ಫಲಿತಾಂಶ ಕಳಿಸುವಾಗಲೂ ಉದ್ದದ ಒಂದು ಸಾಲು ಸೇರಿಸುತ್ತದೆ. ತಡೆಯುವ ಮೋಡಿನಲ್ಲಿ ಇದ್ದಿದ್ದರೆ ಬೆಳಗ್ಗಿನ ರಕ್ತ ಪರೀಕ್ಷೆ ಒಂದೂ ವಾರ್ಡಿಗೆ ಹೋಗುತ್ತಿರಲಿಲ್ಲ. ಆ ಒಂದು ವಿಳಾಸಕ್ಕೆ, ಆ ಒಂದು ಸಿಗ್ನೇಚರಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೇನೆ.

ತಾಳವಾಡಿ ಟವರ್

ಒಪ್ಪಿದೆ. ಆದ್ರೂ ವಿನಾಯಿತಿ ಕೊಟ್ಟದ್ದನ್ನ ಪುಸ್ತಕದಲ್ಲಿ ಬರೀರಿ, ಯಾಕೆ ಅಂತ. ನೀವು ಬಿಟ್ಟು ಹೋದ್ಮೇಲೆ ಬರೋನು ಅದನ್ನ ನೋಡಿ ತಲೆ ಕೆರೆದುಕೊಳ್ತಾನೆ.

ಬದಿಯಡ್ಕ ಬೈಟ್

ಬರೆದೆ. ಕೊನೆಯ ಪ್ರಶ್ನೆ. ಫ್ಯಾನ್ ಬಗ್ಗೆ ಒಂದು ಎಚ್ಚರಿಕೆ ಬರ್ತಾ ಉಂಟು. ಕಂಪನಿಯ ಸಪೋರ್ಟ್‌ನವರು ಸಪೋರ್ಟ್ ಫೈಲ್ ತೆಗೆದು ಅಪ್‌ಲೋಡ್ ಮಾಡಿ ಎನ್ನುತ್ತಾರೆ. ಒಳಗಿನಿಂದ ಹೊರಗೆ ಕೊಡಬಹುದಾ?

ಉಪ್ಪಳ ಟೀಚರ್

ಹಾಗೆಯೇ ಕೊಡಬೇಡಿ. ಆ ಕಟ್ಟಿನಲ್ಲಿ ನಿಮ್ಮ ಪೂರ್ತಿ ಕಾನ್ಫಿಗರೇಶನ್, ಒಳಗಿನ ಎಲ್ಲ ಐಪಿ ವಿಳಾಸ, ಬಳಕೆದಾರರ ಹೆಸರು, ಕೆಲವದರಲ್ಲಿ ಪಾಸ್‌ವರ್ಡಿನ ಹ್ಯಾಶ್ ಕೂಡ ಇರುತ್ತದೆ. ಫ್ಯಾನ್ ದೂರಿಗೆ ಅಷ್ಟು ಬೇಕಿಲ್ಲ. ಕನ್ಸೋಲಿನಲ್ಲಿ ಹಾರ್ಡ್‌ವೇರ್ ಸ್ಥಿತಿಯ ಕಮಾಂಡ್ ಕೊಟ್ಟು, ಅದರ ಉತ್ತರವನ್ನಷ್ಟೇ ಟೆಕ್ಸ್ಟ್ ಫೈಲಿನಲ್ಲಿ ಉಳಿಸಿ, ಕಣ್ಣಾಡಿಸಿ, ಹೊಸ ಡಿವಿಡಿಯಲ್ಲಿ ಹೊರಗೆ ತನ್ನಿ. ಪೂರ್ತಿ ಫೈಲೇ ಬೇಕೆಂದು ಹಟ ಹಿಡಿದರೆ ಯಾಕೆ ಬೇಕೆಂದು ಬರಹದಲ್ಲಿ ಕೇಳಿ, ಮೇಲಿನವರ ಸಹಿ ತೆಗೆದುಕೊಳ್ಳಿ, ಕೊಟ್ಟ ಮೇಲೆ ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ.

ಕುಂಬಳೆ ಕನ್ಸೋಲ್

ಮೊದಲು ಬಾಕ್ಸಿನ ಹಿಂದಿನ ಜಾಲರಿಗೆ ಬ್ರಷ್ ಹಾಕಿ ನೋಡಿ. ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಧೂಳು ತೇವದಲ್ಲಿ ಅಂಟಿ ಗಟ್ಟಿಯಾಗಿರುತ್ತದೆ. ಬಾಕ್ಸ್ ಸ್ಟ್ಯಾಂಡ್‌ಬೈ ಇದ್ದಾಗ, ಆಫ್ ಮಾಡಿದ ಮೇಲೆಯೇ ಬ್ರಷ್ ಹಾಕಿ.